ಮೂರು ಮಳೆಗಾಲ ದಾಟಿದ ಥೈಮ್: ನನ್ನ ಅನುಭವ

ಬೆಂಗಳೂರಿನ ತಾರಸಿಯಲ್ಲಿ ಥೈಮ್ ಅನ್ನುವ ಅಡುಗೆಯ ಘಮದ ಗಿಡ ನಿಲ್ಲೋದಿಲ್ಲ, ಅದೇನಿದ್ದರೂ ಊಟಿ ಕಡೆಯ ಗಿಡ ಅಂತ ಹೇಳದವರಿಲ್ಲ. ನನ್ನ ಆರು ಕುಂಡಗಳು ಈಗ ಮೂರು ಮಳೆಗಾಲ ದಾಟಿವೆ. ಅದಕ್ಕೂ ಮೊದಲು ಹೋದವು ಹನ್ನೊಂದೋ ಹನ್ನೆರಡೋ. ನರ್ಸರಿ ಗಿಡಕ್ಕೆ ನೂರು ರೂಪಾಯಿ ಆಸುಪಾಸು. ಗ್ರೋ ಬ್ಯಾಗು, ಕೋಕೋಪಿಟ್ಟು (ತೆಂಗಿನ ನಾರಿನ ಪುಡಿ) ಎಲ್ಲ ಸೇರಿ ಎರಡು ಸಾವಿರ ಕೈಬಿಟ್ಟಿತು.

ತಪ್ಪು ಇದ್ದದ್ದು ಮಣ್ಣಿನಲ್ಲಿ. ಪುದೀನಕ್ಕೆ ಹಾಕುವ ಕೋಕೋಪಿಟ್ಟು, ಎರೆಗೊಬ್ಬರವನ್ನೇ ಇದಕ್ಕೂ ಹಾಕಿದ್ದೆ. ಥೈಮ್ ಮೆಡಿಟರೇನಿಯನ್ ಸೀಮೆಯ ಕಲ್ಲುಗುಡ್ಡದ ಗಿಡ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಿರುತ್ತದೆ. ನಮ್ಮಲ್ಲಿ ಸೆಕೆಯೂ ತೇವವೂ ಒಟ್ಟಿಗೇ ಬರುತ್ತವೆ, ಬೇರು ಕೊಳೆಯುವುದು ಆಗಲೇ. ಕೊಳೆತ ಗಿಡ ಬಾಯಾರಿದ ಗಿಡದ ಹಾಗೇ ಬಾಡುತ್ತದೆ, ನಾವು ಇನ್ನೊಂದು ಚೊಂಬು ನೀರು ಸುರಿದು ಮುಗಿಸುತ್ತೇವೆ. ಬುಡದ ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದು ಮಣ್ಣೂ ಒಣಗಿದ್ದರೆ ನೀರು ಸಾಲದು ಎಂದರ್ಥ. ಸಿಪ್ಪೆ ಕಂದಾಗಿ ಜಾರಿ ಬಂದರೆ ಬೇರು ಹೋಯಿತು. ಅವತ್ತೇ ತುದಿಗಳನ್ನು ಕತ್ತರಿಸಿ ಬೇರೆ ನೆಡಿ.

ಈಗಿನ ಮಿಶ್ರಣ: ಕೆಮ್ಮಣ್ಣು ಎರಡು ಬೋಗುಣಿ, ತೊಳೆದ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ಮಾಡಿದ ಮರಳು) ಎರಡು, ಕಡಲೆ ಗಾತ್ರಕ್ಕೆ ಕುಟ್ಟಿದ ಇಟ್ಟಿಗೆ ಚೂರು ಒಂದು, ಹಳೇ ಕಾಂಪೋಸ್ಟ್ ಅರ್ಧ. ‘ತೊಳೆದ’ ಅನ್ನುವುದನ್ನು ಹಾರಿಸಬೇಡಿ. ಎಂ-ಸ್ಯಾಂಡಿನಲ್ಲಿರುವ ಕಲ್ಲಿನ ಪುಡಿ ನಾಲ್ಕು ಸಲ ನೀರು ಬಿದ್ದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ನನ್ನ ಎರಡು ಕುಂಡ ಹೋದದ್ದು ಹಾಗೇ. ಬಕೆಟ್ಟಿನಲ್ಲಿ ಹಾಕಿ, ಕೈಯಾಡಿಸಿ, ಬೂದು ನೀರು ಚೆಲ್ಲಿ, ತಿಳಿ ಬರುವ ತನಕ ಮೂರ್ನಾಲ್ಕು ಸಲ ತೊಳೆಯಬೇಕು. ಪ್ಲಾಸ್ಟರಿಂಗಿನ ಪಿ-ಸ್ಯಾಂಡ್ ಇನ್ನೂ ನುಣುಪು, ಅದು ಬೇಡವೇ ಬೇಡ.

ಎಂಟಿಂಚಿನ ಮಣ್ಣಿನ ಕುಂಡ, ಕೆಳಗೆ ತಟ್ಟೆ ಇಲ್ಲ, ಎರಡು ಇಟ್ಟಿಗೆ ತುಂಡಿನ ಮೇಲೆ ಎತ್ತಿಟ್ಟಿದ್ದೇನೆ. ಮಣ್ಣಿನ ಮೇಲೆ ಅರ್ಧ ಇಂಚು ಬೇಬಿ ಜಲ್ಲಿ, ಅಂದರೆ ತೀರಾ ಸಣ್ಣ ಜಲ್ಲಿಕಲ್ಲು. ಇದರಿಂದ ಬುಡ ಒಣಗಿರುತ್ತದೆ, ಮಳೆ ಹನಿಗೆ ಕೆಸರು ಸಿಡಿದು ಕೆಳಗಿನ ಎಲೆಗೆ ಮೆತ್ತುವುದಿಲ್ಲ. ಆರು ಗಂಟೆ ಬಿಸಿಲು ಬೇಕು. ನೀರಿನ ಲೆಕ್ಕ ದಿನದ ಮೇಲಲ್ಲ, ಭಾರದ ಮೇಲೆ: ಕುಂಡ ಎತ್ತಿದಾಗ ಹಗುರ ಅನ್ನಿಸಿದರೆ ತಳದಿಂದ ಸೋರುವಷ್ಟು ಕೊಡಿ, ಮತ್ತೆ ಹಗುರಾಗುವ ತನಕ ಮುಟ್ಟಬೇಡಿ. ಏಪ್ರಿಲ್‌ನಲ್ಲಿ ಎರಡು ದಿನಕ್ಕೊಮ್ಮೆ, ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಬಂದೀತು. ಸೆಪ್ಟೆಂಬರ್, ಅಕ್ಟೋಬರ್ ಮಳೆಗೆ ಸಜ್ಜದ ಕೆಳಗೆ ಸೇರಿಸಲೇಬೇಕು.

ಬೀಜ ನನಗೆ ಹಿಡಿಸಲಿಲ್ಲ. ಧೂಳಿನಷ್ಟು ಸಣ್ಣದು, ಮಣ್ಣು ಮುಚ್ಚಿದರೆ ಏಳುವುದಿಲ್ಲ, ಬೆಳಕು ಬೇಕು. ಎದ್ದ ಮೇಲೂ ಕೊಯ್ಲಿಗೆ ಆರೇಳು ತಿಂಗಳು ಹಿಡಿಯಿತು. ಕಡ್ಡಿ ಹನ್ನೆರಡು ನೆಟ್ಟರೆ ನಾಲ್ಕೈದು ಬೇರು ಬಿಟ್ಟವು. ಪ್ಲಾಸ್ಟಿಕ್ ಕವರ್ ಮುಚ್ಚಿದವಕ್ಕೆಲ್ಲ ಬೂಷ್ಟು. ಗೆದ್ದದ್ದು ಬಾಗಿಸಿ ಹೂಳುವ ವಿಧಾನ. ತಾಯಿ ಗಿಡದ ಹೊರಗಿನ ಕೊಂಬೆಯನ್ನು ಪಕ್ಕದ ಕುಂಡಕ್ಕೆ ಬಾಗಿಸಿ, ತುದಿ ಮೂರು ಇಂಚು ಬಿಟ್ಟು ನಡುವಿನ ಎಲೆ ತೆಗೆದು, ತಂತಿಯ ಕೊಕ್ಕೆ ಚುಚ್ಚಿ ಮಣ್ಣಿಗೆ ಒತ್ತಿಟ್ಟೆ. ಐದಾರು ವಾರಕ್ಕೆ ಮೆಲ್ಲಗೆ ಎಳೆದರೆ ಬಿಗಿಯಾಗಿ ಹಿಡಿದಿತ್ತು. ಹತ್ತರಲ್ಲಿ ಒಂಬತ್ತು ಬದುಕಿದವು, ಖರ್ಚು ತಂತಿಯದ್ದು ಮಾತ್ರ.

ಕೊಯ್ಯುವಾಗ ಮೂರನೇ ಒಂದು ಪಾಲು, ಎಲೆ ಇರುವ ಹಸಿರು ಭಾಗದಲ್ಲೇ. ಎಲೆಯಿಲ್ಲದ ಕಟ್ಟಿಗೆಯವರೆಗೆ ಇಳಿದರೆ ಆ ಕೊಂಬೆ ಚಿಗುರುವುದು ಕಷ್ಟ. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ಸಣ್ಣ ಕಟ್ಟು ಮಾಡಿ ನೆರಳಲ್ಲಿ ತೂಗುಹಾಕಿದರೆ ವಾರದಲ್ಲಿ ಒಣಗುತ್ತದೆ. ನೂರು ಗ್ರಾಂ ಹಸಿಗೆ ಇಪ್ಪತ್ತೈದು ಗ್ರಾಂ ಒಣ ಎಲೆ ಸಿಕ್ಕಿದ ನೆನಪು. ಮಳೆಗಾಲದ ಕೊಯ್ಲು ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಅದನ್ನು ಹಸಿಯಾಗೇ ಬಳಸಿ. ಎಣ್ಣೆಯಲ್ಲಿ ಹಸಿ ಎಲೆ ನೆನೆಸಿ ಹೊರಗಿಡಬೇಡಿ, ವಿಷವಾಗಬಹುದು. ಫ್ರಿಜ್ಜಿನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಇದರ ಘಮಕ್ಕೆ ಕಾರಣವಾದ ಥೈಮಾಲ್ ಅನ್ನುವ ಅಂಶ ಓಮದಲ್ಲೂ ಇದೆ, ದೊಡ್ಡಪತ್ರೆಯ ಘಮವೂ ಇದರ ನೆಂಟಸ್ತಿಕೆಯದೇ. ಅದೇ ಧೈರ್ಯದಲ್ಲಿ ತಂಬುಳಿಗೆ ಹಾಕಿ ನೋಡಿದೆ. ಒಂದು ಟೀ ಚಮಚ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಹುರಿದು, ಹಿಡಿ ತೆಂಗಿನತುರಿಯ ಜೊತೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರೆ ಸೊಗಸಾಗಿದೆ. ಎರಡು ಚಮಚ ಹಾಕಿದ ದಿನ ಕಹಿಯಾಯಿತು. ಆಲೂಗಡ್ಡೆ ಪಲ್ಯಕ್ಕಾದರೆ ಕೊತ್ತಂಬರಿಯ ಹಾಗೆ ಕೊನೆಗೆ ಉದುರಿಸಬೇಡಿ, ಒಗ್ಗರಣೆಯಲ್ಲೇ ಹಾಕಿ. ಕಾವಿಗೆ ತಡೆಯುವ ಎಲೆ ಇದು, ಘಮ ಎಣ್ಣೆಗೆ ಇಳಿಯಬೇಕು. ನಿಂಬೆ ಥೈಮ್ ಕೂಡ ಎರಡು ಕುಂಡ ಹಾಕಿದ್ದೇನೆ. ಇದೇ ಮಿಶ್ರಣದಲ್ಲಿ ಒಂದು ನಿಂತಿದೆ, ಇನ್ನೊಂದರ ನಡುಭಾಗ ಬೋಳಾಗುತ್ತಿದೆ. ಅದರ ಕೊಂಬೆಗಳನ್ನು ಹೋದ ವಾರ ಬಾಗಿಸಿ ಹೂತಿದ್ದೇನೆ.