ಕೇಬಲ್ ಕಂಡಾಗ ಏಳುವ ತೂಕದ ಪ್ರೋಗ್ರಾಂ: ನನ್ನ ಅನುಭವ

ಮದ್ದೂರು ಕಡೆಯ ಒಂದು ಹಳ್ಳಿಯ ಹಾಲಿನ ಡೇರಿ. ಬೆಳಗ್ಗೆ 6ಕ್ಕೆ ಜನ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ. ಕರೆಂಟ್ ಹೋಗಿ ಬರುತ್ತದೆ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಏಳುತ್ತದೆ, ತೂಕ ಓದುವ ನನ್ನ ಪ್ರೋಗ್ರಾಂ ಏಳುವುದಿಲ್ಲ. "ನಿನ್ ಕಂಪ್ಯೂಟರ್ ಏಳೋ ಹೊತ್ಗೆ ಹಾಲು ಒಡ್ದೋಯ್ತದೆ ಕಣಪ್ಪಾ" ಅಂತ ಸೆಕ್ರೆಟರಿ ಫೋನು. ಮಂಡ್ಯದಿಂದ ಹೋಗಿ ಬರಲು ಪೆಟ್ರೋಲ್‌ಗೇ ಸುಮಾರು 150 ರೂಪಾಯಿ. ಒಂದೇ ತಿಂಗಳಲ್ಲಿ ಎಂಟೋ ಒಂಬತ್ತೋ ಸಲ ಓಡಿದೆ.

ತೂಕದ ಯಂತ್ರದ ಕೇಬಲ್ಲೂ ಡೇಟಾಬೇಸ್ ಆದ ಮರಿಯಾಡಿಬಿಯೂ ಸಿದ್ಧವಾದ ಮೇಲೆ ನನ್ನ ಪ್ರೋಗ್ರಾಂ ಏಳಬೇಕು. ಮೊದಲು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ಲಿನಕ್ಸ್ ಸಾಧನ) ರೀಬೂಟ್ ಸಾಲು ಹಾಕಿ, ಏಳುವ ಮುನ್ನ ಕಾಯಲು 30 ಸೆಕೆಂಡ್ ಸ್ಲೀಪ್ ಕೊಟ್ಟೆ. ಸಾಲಲಿಲ್ಲ. 60 ಮಾಡಿದೆ. ಎರಡು ವಾರ ನಡೆಯಿತು. ಒಂದು ದಿನ ಮರಿಯಾಡಿಬಿ ತಡವಾಗಿ ಎದ್ದಿತು, ಮತ್ತೆ ಅದೇ ಗೋಳು. "90 ಮಾಡು, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂದರು ಜೊತೆಯವರು. ನಾಲ್ಕೂವರೆ ಸಾವಿರದ ಯುಪಿಎಸ್ ತಂದೆ. ಉದ್ದದ ಪವರ್‌ಕಟ್‌ಗೆ ಅದೂ ಸೋತಿತು.

ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಯುನಿಟ್ (ಸೂಚನೆಯ ಫೈಲ್) ಬರೆದಾಗಲೂ ಎಡವಿದೆ. ಪ್ರೋಗ್ರಾಂ ಬಿದ್ದರೆ ಮತ್ತೆ ಎಬ್ಬಿಸುವ ರೀಸ್ಟಾರ್ಟ್ ಆಲ್ವೇಸ್ ಇದೆಯಲ್ಲ ಅಂತ ಧೈರ್ಯ. ಆದರೆ 10 ಸೆಕೆಂಡಿನೊಳಗೆ 5 ಸಲ ಎಬ್ಬಿಸಿ ನೋಡಿದ ಮೇಲೆ ಅದು ಕೈಬಿಡುತ್ತದೆ. ನಾವು ಏನೂ ಹೇಳದಿದ್ದರೆ ಎರಡು ಪ್ರಯತ್ನದ ನಡುವೆ ಬರೀ 100 ಮಿಲಿಸೆಕೆಂಡ್. ಕೇಬಲ್ ಸಿದ್ಧವಾಗುವ ಮೊದಲೇ ಐದೂ ಮುಗಿದಿರುತ್ತಿತ್ತು.

ಹೊತ್ತು ಎಣಿಸುವುದೇ ತಪ್ಪು ಅಂತ ಆಗ ಹೊಳೆಯಿತು. ತೂಕದ ಯಂತ್ರದ ಕೇಬಲ್ ಕಂಡಾಗ ಎದ್ದರೆ ಸಾಕು, ಅಲ್ವಾ? ಯಾವ ಸಾಧನ ಚುಚ್ಚಿದೆ ಅಂತ ಗಮನಿಸುವ ಯುಡೆವ್‌ನ ರೂಲ್‌ನಲ್ಲಿ ಸಿಸ್ಟಮ್‌ಡಿ ಟ್ಯಾಗ್ ಹಾಕಿ, ಕೇಬಲ್ ಕಂಡರೆ ಎಬ್ಬಿಸು ಅಂತ ಸಿಸ್ಟಮ್‌ಡಿ ವಾಂಟ್ಸ್‌ಗೆ ನನ್ನ ಸರ್ವಿಸ್ (ತೂಕದ ಪ್ರೋಗ್ರಾಂ) ಹೆಸರು ಕೊಟ್ಟೆ. ಯುನಿಟ್‌ನಲ್ಲಿ ಕೇಬಲ್‌ಗೆ ಬೈಂಡ್ಸ್‌ಟು (ಅದು ಹೋದರೆ ಇದೂ ನಿಲ್ಲಲಿ), ಮರಿಯಾಡಿಬಿಗೆ ರಿಕ್ವೈರ್ಸ್ (ಅದು ಬೇಕೇ ಬೇಕು), ಎರಡಕ್ಕೂ ಆಫ್ಟರ್ (ಅವು ಎದ್ದ ಮೇಲೆ ಇದು). ಆಫ್ಟರ್ ಒಂದನ್ನೇ ಹಾಕಿದರೆ ಸರದಿ ಸಿಗುತ್ತದೆ ಅಷ್ಟೇ, ಅದು ಯಾರನ್ನೂ ಎಬ್ಬಿಸುವುದಿಲ್ಲ. ಬೂಟ್ ಆಗುವಾಗಲೇ ಏಳುವಂತೆ ಸರ್ವಿಸನ್ನು ಎನೇಬಲ್ ಮಾಡಲೇ ಇಲ್ಲ. ಕೇಬಲ್ ಕಿತ್ತರೆ ನಿಲ್ಲುತ್ತದೆ, ಚುಚ್ಚಿದರೆ ಏಳುತ್ತದೆ.

ತೂಕಕ್ಕೂ ಹಾಲಿನ ಕೊಬ್ಬು ಅಳೆಯುವ ಫ್ಯಾಟ್ ಮೆಷಿನ್‌ಗೂ ಒಂದೇ ಥರದ ಅಗ್ಗದ ಕೇಬಲ್, ಸೀರಿಯಲ್ ನಂಬರೇ ಇಲ್ಲ. ಹಾಗಾಗಿ ಪೈನ ಯಾವ ತೂತಿಗೆ ಚುಚ್ಚಿದೆ ಅನ್ನುವುದರ ಮೇಲೆ ಹೆಸರಿಟ್ಟೆ. ತೂಕದ ತೂತಿಗೆ ಕೆಂಪು ನೇಲ್‌ಪಾಲಿಶ್ ಹಚ್ಚಿದೆ. ಈ ಪೈನಲ್ಲಿ ಗಡಿಯಾರದ ಬ್ಯಾಟರಿ ಇಲ್ಲ, ಚೀಟಿಯಲ್ಲಿ ಹಳೇ ಟೈಮ್ ಬರುತ್ತಿತ್ತು. ಕರೆಂಟ್ ಹೋದರೂ ಟೈಮ್ ಉಳಿಸಿಕೊಳ್ಳುವ 250 ರೂಪಾಯಿಯ ಆರ್‌ಟಿಸಿ ಮಾಡ್ಯೂಲ್ ಹಾಕಿ ಅದನ್ನೂ ಮುಗಿಸಿದೆ. ಅರ್ಧ ತೂಕದಲ್ಲಿ ಕರೆಂಟ್ ಹೋದರೆ ಆ ಎಂಟ್ರಿ ಹೇಗೆ ಉಳಿಸುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಸೆಕ್ರೆಟರಿ ನಂಬದೆ ತಾವೇ ಮೇನ್ ಸ್ವಿಚ್ ಏಳೆಂಟು ಸಲ ಆರಿಸಿ ಹಾಕಿದರು. ಪ್ರತಿ ಸಲವೂ 40 ಸೆಕೆಂಡಿನ ಆಸುಪಾಸಿನಲ್ಲಿ ತೂಕ ಬಂತು. ಐದು ತಿಂಗಳಾಯಿತು, ಆ ದಾರಿಗೆ ಪೆಟ್ರೋಲ್ ಸುಟ್ಟಿಲ್ಲ. ಪಕ್ಕದೂರಿನ ಡೇರಿಯವರೂ ಕರೆದಿದ್ದಾರೆ.