ಮಲಗಿಸಿ ತೆಗೆದ ಮಂಡಿ, ನಿಲ್ಲಿಸಿ ತೆಗೆದ ಮಂಡಿ

ಎಕ್ಸ್‌ರೇ ರೂಮಿನಲ್ಲಿ 22 ವರ್ಷ ಕಳೆದಿದ್ದೇನೆ. ಎದೆ ಬಿಟ್ಟರೆ ಅತಿ ಜಾಸ್ತಿ ತೆಗೆದಿರುವುದು ಮಂಡಿಯನ್ನೇ. ಮೊದಲ ಎರಡು ವರ್ಷ ಅದನ್ನು ತಪ್ಪಾಗಿಯೇ ತೆಗೆದೆ. ಯಾರೂ ಬೈಯಲಿಲ್ಲ, ಹಾಗಾಗಿ ತಪ್ಪು ಅಂತ ಗೊತ್ತೂ ಆಗಲಿಲ್ಲ.

ಆಗ ನಾನಿದ್ದದ್ದು ತಾಲೂಕು ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ. ಮಂಡಿ ನೋವು ಅಂತ ಬಂದವರನ್ನು ಟೇಬಲ್ ಮೇಲೆ ಮಲಗಿಸುತ್ತಿದ್ದೆ, ಕೆಳಗೆ ಫಿಲ್ಮ್ ಇರುವ ಕ್ಯಾಸೆಟ್ ಇಡುತ್ತಿದ್ದೆ, ಬಟನ್ ಒತ್ತುತ್ತಿದ್ದೆ. ಒಂದು ದಿನ ಅರವತ್ತು ದಾಟಿದ ಒಬ್ಬ ಅಮ್ಮ ಬಂದರು. ಕಾಲು ಬಿಲ್ಲಿನ ಹಾಗೆ ಹೊರಕ್ಕೆ ಬಾಗಿತ್ತು. ಗೋಡೆ ಹಿಡಿದುಕೊಂಡೇ ಒಳಗೆ ಬಂದರು. ಮಾಮೂಲಿನಂತೆ ಮಲಗಿಸಿ ತೆಗೆದೆ. ಫಿಲ್ಮಿನಲ್ಲಿ ಎರಡು ಮೂಳೆಗಳ ನಡುವಿನ ಗ್ಯಾಪ್ ಚೆನ್ನಾಗಿಯೇ ಇತ್ತು. ಅಷ್ಟೇನೂ ಸವೆದಿಲ್ಲ ಅಂತ ಹೇಳಿ ಅಲ್ಲಿನ ಡಾಕ್ಟರು ಮಾತ್ರೆ ಕೊಟ್ಟು ಕಳಿಸಿದರು.

ಹದಿನೈದು ದಿನಕ್ಕೆ ಆ ಅಮ್ಮ ವಾಪಸ್ ಬಂದರು. ಈ ಸಲ ಕೈಯಲ್ಲಿ ವಾರಕ್ಕೊಮ್ಮೆ ಬರುವ ಮೂಳೆ ಡಾಕ್ಟರ ಚೀಟಿ. ‘ಎರಡೂ ಮಂಡಿ, ನಿಲ್ಲಿಸಿ’ ಅಂತ ಬರೆದು, ‘ನಿಲ್ಲಿಸಿ’ಯ ಕೆಳಗೆ ಎರಡು ಗೆರೆ ಎಳೆದಿದ್ದರು. ನಿಲ್ಲಿಸಿ ತೆಗೆದೆ. ಫಿಲ್ಮ್ ತೊಳೆದು ಬೆಳಕಿಗೆ ಹಿಡಿದರೆ ಮಂಡಿಯ ಒಳಮಗ್ಗುಲಲ್ಲಿ ಗ್ಯಾಪೇ ಇಲ್ಲ. ತೊಡೆ ಮೂಳೆ ಕೆಳಗಿನ ಮೂಳೆಯ ಮೇಲೆ ಕೂತೇಬಿಟ್ಟಿದೆ. ಅದೇ ಮಂಡಿ, ಅದೇ ಮಷಿನ್.

ಮೂಳೆಗಳ ತುದಿಗೆ ಹೊದಿಸಿದ ನುಣುಪಾದ ಪದರಕ್ಕೆ ಕಾರ್ಟಿಲೇಜ್ ಅನ್ನುತ್ತಾರೆ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾವು ಗ್ಯಾಪ್ ಅನ್ನುತ್ತೇವಲ್ಲ, ಮುಖ್ಯವಾಗಿ ಕಾರ್ಟಿಲೇಜ್ ಕೂತಿರುವ ಜಾಗವೇ ಅದು. ಮಲಗಿದಾಗ ಮೈಭಾರ ಮಂಡಿಗೆ ಬೀಳುವುದಿಲ್ಲ. ಕಾರ್ಟಿಲೇಜ್ ಹೋಗಿದ್ದರೂ ಮೂಳೆಗಳು ಸಡಿಲವಾಗಿ ದೂರ ನಿಂತು ಗ್ಯಾಪ್ ಇರುವ ಹಾಗೆ ನಾಟಕ ಆಡುತ್ತವೆ. ನಿಂತರೆ ಆ ನಾಟಕ ನಡೆಯುವುದಿಲ್ಲ. ಸ್ವೀಡನ್ನಿನ ಆಲ್‌ಬೆಕ್ ಎಂಬ ರೇಡಿಯಾಲಜಿಸ್ಟ್ 1968ರಲ್ಲೇ ನಿಲ್ಲಿಸಿ ತೆಗೆದ ಫಿಲ್ಮುಗಳ ಮೇಲೆ ಸವೆತದ ಹಂತಗಳನ್ನು ಗುರುತಿಸಿದ್ದರು. ನಾನಿನ್ನೂ ಹುಟ್ಟಿರಲಿಲ್ಲ. ಆದರೂ ನಾನು ಮಲಗಿಸಿಯೇ ತೆಗೆಯುತ್ತಿದ್ದೆ ನೋಡಿ.

ನಿಲ್ಲಿಸಬೇಕು ಅಂತ ಗೊತ್ತಾದರೆ ಸಾಕಾ? ನಮ್ಮ ಸ್ಟ್ಯಾಂಡ್ ಇದ್ದದ್ದು ಎದೆ ತೆಗೆಯುವುದಕ್ಕೆ. ಅದು ಮಂಡಿಯ ಎತ್ತರಕ್ಕೆ ಇಳಿಯುತ್ತಿರಲಿಲ್ಲ. ಮಂಡಿಯನ್ನೇ ಮೇಲಕ್ಕೆ ಎತ್ತಬೇಕಾಯಿತು. ಬಡಗಿಗೆ ಹೇಳಿ ಒಂದು ಗಟ್ಟಿ ಮಣೆ ಮಾಡಿಸಿದೆ. ಹತ್ತಲು ಎರಡು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಮೊದಲ ದಿನವೇ ಒಬ್ಬ ಅಜ್ಜಿ, “ಏನಪ್ಪಾ, ಮಣೆ ಮೇಲೆ ನಿಲ್ಲಿಸ್ತೀಯಾ, ಆರತಿ ಎತ್ತೋಕಾ?” ಅಂದರು.

ಆಮೇಲೆ ಇನ್ನೊಂದು ಕಲಿತೆ. ನೆಟ್ಟಗೆ ನಿಂತರೂ ಕೆಲವು ಸವೆತ ತಪ್ಪಿಸಿಕೊಳ್ಳುತ್ತದೆ. ಕೂತು ಏಳುವಾಗ, ಮೆಟ್ಟಿಲು ಹತ್ತುವಾಗ ಭಾರ ಬೀಳುವುದು ತೊಡೆ ಮೂಳೆಯ ತುದಿಯ ಸ್ವಲ್ಪ ಹಿಂಭಾಗಕ್ಕೆ. ಅಲ್ಲಿ ಸವೆದಿದ್ದರೆ ಮಂಡಿ ಬಗ್ಗಿಸಿ ನಿಲ್ಲಿಸಬೇಕು. ಫಿಲ್ಮ್ ಇರುವ ಪ್ಲೇಟಿಗೆ ಮುಖ ಮಾಡಿ, ಮಂಡಿಚಿಪ್ಪು ಪ್ಲೇಟಿಗೆ ತಾಗಿಸಿ, ಸುಮಾರು 45 ಡಿಗ್ರಿ ಬಗ್ಗಿಸಿ ನಿಲ್ಲಬೇಕು. ವಯಸ್ಸಾದವರಿಗೆ ಅಷ್ಟಾಗುವುದಿಲ್ಲ, ಆದಷ್ಟು ಸಾಕು ಅನ್ನುತ್ತೇನೆ. ಕಿರಣ ಹಿಂದಿನಿಂದ ಬರುತ್ತದೆ, 10 ಡಿಗ್ರಿ ಕೆಳಮುಖವಾಗಿ. ಕೆಳಗಿನ ಮೂಳೆಯ ತಲೆ ಹಿಂದಕ್ಕೆ ಸ್ವಲ್ಪ ಇಳಿಜಾರು. ಕಿರಣ ಆ ಇಳಿಜಾರಿಗೆ ಸಮವಾಗಿ ಹೋಗದಿದ್ದರೆ ಇರುವ ಗ್ಯಾಪ್ ಕೂಡ ಮುಚ್ಚಿದಂತೆ ಕಾಣುತ್ತದೆ.

ರಿಪೋರ್ಟ್ ಬರೆಯುವುದು ನನ್ನ ಕೆಲಸ ಅಲ್ಲ. ಆದರೆ ಇಷ್ಟು ನೋಡಿದ ಮೇಲೆ ಕಣ್ಣು ಸುಮ್ನೆ ಇರುತ್ತದಾ? ಕಾರ್ಟಿಲೇಜ್ ತೆಳುವಾದ ಕಡೆ ಅದರ ಕೆಳಗಿನ ಮೂಳೆ ಭಾರ ತಾಳಲು ಗಟ್ಟಿಯಾಗುತ್ತದೆ. ಫಿಲ್ಮಿನಲ್ಲಿ ಸುಣ್ಣದ ಗೆರೆ ಎಳೆದಷ್ಟು ಬೆಳ್ಳಗೆ ಕಾಣುತ್ತದೆ. ಅಂಚಿನಲ್ಲಿ ಹೊಸ ಮೂಳೆ ಬೆಳೆದು ಗಿಳಿಯ ಕೊಕ್ಕಿನ ಹಾಗೆ ಹೊರಕ್ಕೆ ಚಾಚುತ್ತದೆ. ಜನ ಮೂಳೆ ಬೆಳೆದಿದೆ ಅನ್ನುವುದು ಇದಕ್ಕೇ. ಕೆಲವರಿಗೆ ಬೆಳ್ಳಗಿನ ಆ ಮೂಳೆಯೊಳಗೆ ಹುಳು ಕೊರೆದಂತೆ ಸಣ್ಣ ಕಪ್ಪು ಗುಳಿಗಳೂ ಇರುತ್ತವೆ. ಇದನ್ನೆಲ್ಲ ನೋಡಿ ಡಾಕ್ಟರುಗಳು 0ಯಿಂದ 4ರವರೆಗೆ ಗ್ರೇಡ್ ಕೊಡುತ್ತಾರೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ಡಾಕ್ಟರುಗಳು 1957ರಲ್ಲಿ ಮಾಡಿದ ಲೆಕ್ಕ, ಇವತ್ತಿಗೂ ಅದೇ ಓಡುತ್ತಿದೆ.

ಗ್ರೇಡಿಗೂ ನೋವಿಗೂ ಮಾತ್ರ ಎಷ್ಟೋ ಸಲ ತಾಳೆಯಾಗುವುದಿಲ್ಲ. ಗ್ರೇಡ್ 4 ಇಟ್ಟುಕೊಂಡು ಗದ್ದೆಗೆ ಹೋಗಿ ಬರುವವರನ್ನು ನೋಡಿದ್ದೇನೆ. ಈಗ ನಾನಿರುವ ಸ್ಕ್ಯಾನ್ ಸೆಂಟರಿಗೆ ಒಬ್ಬರು ಬಂದರು, ಐವತ್ತೆರಡು ವಯಸ್ಸು. ಎಕ್ಸ್‌ರೇಯಲ್ಲಿ ಹೆಚ್ಚೇನೂ ಇಲ್ಲ, ಆದರೆ ನೋವಿಗೆ ರಾತ್ರಿ ನಿದ್ದೆ ಇಲ್ಲ. ಎಂಆರ್‌ಐ ಮಾಡಿದಾಗ ಒಳಮಗ್ಗುಲ ಮೂಳೆಯ ಮಜ್ಜೆಯಲ್ಲಿ ಮೋಡ ಕವಿದಂತೆ ಬೆಳ್ಳನೆಯ ಮಚ್ಚೆ. ಇಂಥ ಮಜ್ಜೆಯ ಗಾಯ ಎಕ್ಸ್‌ರೇಗೆ ಕಾಣುವುದೇ ಇಲ್ಲ. ನೋವಿಗೂ ಅದಕ್ಕೂ ನಂಟಿದೆ.

ಹಾಗಂತ ಎಲ್ಲರಿಗೂ ಎಂಆರ್‌ಐ ಬೇಕಾ? ನನ್ನ ಕೇಳಿದರೆ ಬೇಡ. ಸಾವಿರಾರು ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಿರುತ್ತಾರೆ, ನಿಂತು ತೆಗೆದ ಒಂದು ಎಕ್ಸ್‌ರೇ ಇರುವುದಿಲ್ಲ. ಎಂಆರ್‌ಐ ಕೂಡ ಮಲಗಿಸಿ ಮಾಡುವುದೇ ಅಲ್ವಾ? ವಯಸ್ಸಾದವರ ಮಂಡಿಯಲ್ಲಿ ಮೆನಿಸ್ಕಸ್, ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ, ಹರಿದಿರುವುದು ನೋವಿಲ್ಲದವರಲ್ಲೂ ಸಿಗುತ್ತದೆ. ರಿಪೋರ್ಟಿನಲ್ಲಿ ‘ಹರಿದಿದೆ’ ಅಂತ ಓದಿ ಹೆದರಿದವರನ್ನು ಸಮಾಧಾನ ಮಾಡುವುದೂ ನನ್ನ ಪಾಲಿಗೇ ಬರುತ್ತದೆ.

ಹಳೇ ಫಿಲ್ಮ್ ಇದ್ದರೆ ತನ್ನಿ ಅಂತ ಎಲ್ಲರಿಗೂ ಹೇಳುತ್ತೇನೆ. ಆದರೆ ಹೋದ ವರ್ಷ ಒಂದು ಥರ, ಈ ವರ್ಷ ಇನ್ನೊಂದು ಥರ ನಿಂತಿದ್ದರೆ ಹೋಲಿಸಿ ಪ್ರಯೋಜನವಿಲ್ಲ. ಪಾದ ಸ್ವಲ್ಪ ತಿರುಗಿದರೂ ಗ್ಯಾಪ್ ಬದಲಾದಂತೆ ಕಾಣುತ್ತದೆ. ಅದಕ್ಕೇ ಮಣೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಪಾದ ಬರೆಸಿದ್ದೆ, ತುದಿ ಸ್ವಲ್ಪ ಹೊರಕ್ಕೆ ತಿರುಗಿದ ಹಾಗೆ. ಎಲ್ಲರೂ ಅದರ ಮೇಲೆ ನಿಂತರೆ ಪ್ರತಿ ಸಲ ಒಂದೇ ಭಂಗಿ ಸಿಗುತ್ತದೆ ಅಂತ ನನ್ನ ಲೆಕ್ಕ. ಬಂದ ಅಮ್ಮಂದಿರೆಲ್ಲ ಪಾದ ಬಿಟ್ಟು ಪಕ್ಕದಲ್ಲೇ ನಿಲ್ಲುತ್ತಿದ್ದರು. ಯಾಕಮ್ಮಾ ಅಂತ ಒಬ್ಬರನ್ನು ಕೇಳಿದೆ. “ಲಕ್ಷ್ಮಿ ಪಾದದ ಮೇಲೆ ಕಾಲಿಡ್ಲಾ?” ಅಂತ ನನಗೇ ಗದರಿದರು. ಮಾರನೇ ದಿನ ಅದನ್ನು ಅಳಿಸಿ ಎರಡು ನೀಲಿ ಗೆರೆ ಎಳೆಸಿದೆ.