ಮೂತ್ರ ಕಟ್ಟಿದಾಗ, ಕ್ಯಾಥೆಟರ್ (ಮೂತ್ರಕೋಶದಿಂದ ಮೂತ್ರ ಹೊರಬಿಡಲು ಇಡುವ ಪೈಪ್) ಹಾಕಿದಾಗ: ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಇರುವವರಿಗೆ, ಅವರನ್ನು ನೋಡಿಕೊಳ್ಳುವವರಿಗೆ

ಪ್ರಾಸ್ಟೇಟ್ ಗ್ರಂಥಿ ಇರುವುದು ಮೂತ್ರಕೋಶದ ಬಾಯಿಗೆ ತಾಗಿಕೊಂಡು, ಮೂತ್ರನಾಳದ ಸುತ್ತ. ಅಲ್ಲಿ ಗಡ್ಡೆ ಬೆಳೆದಂತೆಲ್ಲ ನಾಳ ಕಿರಿದಾಗುತ್ತದೆ. ಆದರೆ ಮೂತ್ರ ಪೂರ್ತಿ ಕಟ್ಟಿಹೋದ ದಿನ ಗಡ್ಡೆಯ ಜೊತೆ ಇನ್ನೊಂದು ಕಾರಣವೂ ಸೇರಿಕೊಂಡಿರುವುದು ಸಾಮಾನ್ಯ. ಆ ಇನ್ನೊಂದು ಕಾರಣವನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಮಾರ್ಫಿನ್, ಟ್ರಮಡಾಲ್‌ನಂಥ ನೋವಿನ ಔಷಧಿಯಿಂದಾದ ಮಲಬದ್ಧತೆ ಇದರಲ್ಲಿ ಮೊದಲನೆಯದು: ಗುದನಾಳದಲ್ಲಿ ಗಟ್ಟಿಯಾಗಿ ಕೂತ ಮಲ ಮುಂದಿರುವ ಮೂತ್ರನಾಳವನ್ನು ಒತ್ತುತ್ತದೆ. ಎರಡನೆಯದು ನೆಗಡಿ ಮಾತ್ರೆ. ಅದರಲ್ಲಿರುವ ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ಮೂತ್ರಕೋಶದ ಬಾಯಿಯನ್ನು ಬಿಗಿಯುತ್ತವೆ. ಕ್ಲೋರ್‌ಫೆನಿರಮಿನ್ ಮೂತ್ರಕೋಶದ ಸ್ನಾಯುವನ್ನು ಸಡಿಲಿಸುತ್ತದೆ. ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಕೂಡ ಇದೇ ಕೆಲಸ ಮಾಡುತ್ತದೆ. ಆಸ್ಪತ್ರೆಗೆ ಹೋಗುವಾಗ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ, ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ತಂದವೂ ಸೇರಿ.

ಕಟ್ಟಿದೆ ಎಂದು ತಿಳಿಯುವುದು ಹೇಗೆ

ಒಮ್ಮೆಲೇ ಕಟ್ಟಿದರೆ ಗೊತ್ತಾಗದೆ ಇರುವುದಿಲ್ಲ. ಹೊಕ್ಕುಳ ಕೆಳಗೆ ಬಿಗಿಯಾದ ಉಬ್ಬು, ತಡೆಯಲಾಗದ ಒತ್ತಡ ಮತ್ತು ನೋವು, ಎಷ್ಟು ಪ್ರಯತ್ನಿಸಿದರೂ ಹನಿ ಬಾರದು. ಇಂಥ ಹೊತ್ತಿನಲ್ಲಿ ನೀರು ಕುಡಿದು ತಳ್ಳಿಬಿಡೋಣ ಎಂದು ಹೊರಡಬೇಡಿ, ನೋವು ಇನ್ನಷ್ಟಾಗುತ್ತದೆ ಅಷ್ಟೇ. ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ನಿಧಾನವಾಗಿ ಕಟ್ಟುವುದು ಹೆಚ್ಚು ಮೋಸದ್ದು. ಸಾಮಾನ್ಯವಾಗಿ 400ರಿಂದ 500 ಮಿಲಿ ಹಿಡಿಯುವ ಮೂತ್ರಕೋಶ ತಿಂಗಳುಗಟ್ಟಲೆ ಹಿಗ್ಗಿ ಒಂದು ಲೀಟರಿಗೂ ಹೆಚ್ಚು ಹಿಡಿದುಕೊಂಡು ನೋವಿಲ್ಲದೆ ಕೂತಿರುತ್ತದೆ. ಹೊರಗೆ ಕಾಣುವುದು ಆಗಾಗ ಸ್ವಲ್ಪಸ್ವಲ್ಪ ಹೋಗುವುದು, ಸಣ್ಣ ಧಾರೆ, ರಾತ್ರಿ ಹಾಸಿಗೆ ಒದ್ದೆಯಾಗುವುದು. ಮೂತ್ರ ಹಿಡಿತದಲ್ಲಿಲ್ಲ ಎಂದುಕೊಂಡು ಡಯಾಪರ್ ತರುವ ಮೊದಲು, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ಸ್ಕ್ಯಾನ್ ಮಾಡಿಸಿ. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಅನ್ನು ರಕ್ತದಲ್ಲಿ ಕೂಡ ನೋಡಿಸಿ. ಹಿಂದಕ್ಕೆ ಬೀಳುವ ಒತ್ತಡ ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಇಲ್ಲೊಂದು ಎಚ್ಚರಿಕೆ, ಇದಕ್ಕೆ ಒಂದು ಗಂಟೆಯೂ ತಡ ಬೇಡ. ಮೂತ್ರ ಕಟ್ಟುವುದರ ಜೊತೆಗೆ ಹೊಸ ಬೆನ್ನುನೋವು, ಕಾಲಿನಲ್ಲಿ ಬಲ ಕುಗ್ಗುವುದು, ನಡೆಯುವಾಗ ತಡವರಿಸುವುದು, ತೊಡೆಸಂದು ಮತ್ತು ಗುದದ ಸುತ್ತ ಜೋಮು, ತಿಳಿಯದೆ ಮಲ ಹೋಗುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಬೆನ್ನುಮೂಳೆಗೆ ಹರಡಿದ ಕ್ಯಾನ್ಸರ್ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಪೈಪ್ ಹಾಕಿಸಿಕೊಂಡು ಮನೆಗೆ ಬರುವ ಸಮಸ್ಯೆ ಇದಲ್ಲ. ಅವತ್ತೇ ಎಂಆರ್‌ಐ ಆಗಬೇಕು. ನಡೆಯುವ ಶಕ್ತಿ ಹೋದ ಮೇಲೆ ಚಿಕಿತ್ಸೆ ಕೊಟ್ಟರೂ ಅದು ಮರಳುವುದು ಕಷ್ಟ.

ಹಾರ್ಮೋನ್ ಚಿಕಿತ್ಸೆಯ ಲ್ಯೂಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಇಂಜೆಕ್ಷನ್ ಮೊದಲ ಬಾರಿಗೆ ಶುರುಮಾಡುವವರೂ ಕೇಳಿಸಿಕೊಳ್ಳಿ. ಇವು ಈ ಕ್ಯಾನ್ಸರನ್ನು ಬೆಳೆಸುವ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನನ್ನು ಇಳಿಸುವ ಮೊದಲು ಒಂದೆರಡು ವಾರ ಏರಿಸುತ್ತವೆ. ಆ ಅವಧಿಯಲ್ಲಿ ಮೂತ್ರ ಕಟ್ಟುವುದೂ ಬೆನ್ನುಹುರಿಯ ಒತ್ತಡವೂ ಹೆಚ್ಚಬಹುದು. ಅದನ್ನು ತಡೆಯಲೆಂದೇ ಬೈಕ್ಯಾಲುಟಮೈಡ್ ಮಾತ್ರೆ ಜೊತೆಗೆ ಕೊಡುತ್ತಾರೆ. ಡೆಗರೆಲಿಕ್ಸ್ ಎಂಬ ಬೇರೆ ಬಗೆಯ ಇಂಜೆಕ್ಷನ್‌ನಲ್ಲಿ ಈ ಏರಿಕೆ ಇಲ್ಲ.

ಹಾಕುವಾಗ, ಹಾಕಿದ ಮೊದಲ ದಿನ

ಪೈಪಿನ ದಪ್ಪವನ್ನು ಫ್ರೆಂಚ್ ಅಳತೆಯಲ್ಲಿ ಹೇಳುತ್ತಾರೆ; 3 ಫ್ರೆಂಚ್ ಅಂದರೆ 1 ಮಿಮೀ ವ್ಯಾಸ. ಗಂಡಸರಿಗೆ ಸಾಮಾನ್ಯವಾಗಿ 14 ಅಥವಾ 16 ಸಾಕು. ರಕ್ತ ಹೆಪ್ಪುಗಟ್ಟಿ ಬರುತ್ತಿದ್ದರೆ ಮಾತ್ರ 20ರಿಂದ 24ರ ಮೂರು ದಾರಿಯ ಪೈಪ್ ಹಾಕಿ ಒಳಗೆ ತೊಳೆಯುತ್ತಾರೆ. ಪ್ರಾಸ್ಟೇಟ್ ಅಡ್ಡ ಬಂದು ನೆಟ್ಟನೆಯ ಪೈಪ್ ಹೋಗದಿದ್ದರೆ ತುದಿ ಬಾಗಿದ ಕೂಡೇ ಕ್ಯಾಥೆಟರ್ ಸುಲಭವಾಗಿ ಹೋಗಬಹುದು. ಹಿಂದೆ ಒಮ್ಮೆ ಅದನ್ನೇ ಹಾಕಿದ್ದರೆ ಮುಂದಿನ ಸಲ ನೀವಾಗಿಯೇ ಹೇಳಿ. ನೋವು ತಿಳಿಯದಂತೆ ಮರಗಟ್ಟಿಸುವ ಲಿಗ್ನೊಕೇನ್ ಜೆಲ್ ಅನ್ನು ನಾಳದೊಳಗೆ ತುಂಬಿ ಮೂರರಿಂದ ಐದು ನಿಮಿಷ ಕಾಯಬೇಕು. ಅವಸರದಲ್ಲಿ ಈ ಕಾಯುವಿಕೆಯೇ ತಪ್ಪಿಹೋಗುತ್ತದೆ, ಕೇಳುವುದರಲ್ಲಿ ಸಂಕೋಚವಿಲ್ಲ. ಪೈಪ್ ಜಾರದಂತೆ ಹಿಡಿಯುವ ತುದಿಯ ಬಲೂನಿಗೆ ನೀರು ತುಂಬುವಾಗ ಚುಚ್ಚಿದಂತೆ ನೋವಾದರೆ ತಕ್ಷಣ ನಿಲ್ಲಿಸಲು ಹೇಳಿ: ಬಲೂನು ಮೂತ್ರಕೋಶದಲ್ಲಿರದೆ ನಾಳದಲ್ಲೇ ಇರಬಹುದು. ಹೆಂಗಸರಿಗೆಂದು ಮಾಡಿದ ಗಿಡ್ಡ ಪೈಪ್ ಗಂಡಸರಿಗೆ ಹಾಕಿದರೂ ಹೀಗೇ ಆಗುತ್ತದೆ. ಗಂಡಸರದು 40 ಸೆಂಮೀ ಉದ್ದ.

ಬಹುಕಾಲ ಕಟ್ಟಿದ್ದ ಮೂತ್ರ ಬಿಟ್ಟ ಮೇಲೆ ಕಿಡ್ನಿ ಒಂದೇ ಸಮನೆ ನೀರು ಹೊರಹಾಕತೊಡಗಬಹುದು. ಗಂಟೆಗೆ 200 ಮಿಲಿಗಿಂತ ಹೆಚ್ಚು ಎರಡು ಗಂಟೆ ಬಂದರೆ, ಅಥವಾ ದಿನಕ್ಕೆ ಮೂರು ಲೀಟರ್ ದಾಟಿದರೆ, ಉಪ್ಪು, ಪೊಟ್ಯಾಸಿಯಂ ಏರುಪೇರಾಗುವುದರಿಂದ ಆಸ್ಪತ್ರೆಯಲ್ಲಿರುವುದೇ ಕ್ಷೇಮ. ಮೊದಲ ದಿನ ಸ್ವಲ್ಪ ರಕ್ತ ಕಾಣುವುದೂ ಉಂಟು, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ.

ಮನೆಗೆ ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ಹಾಕಿದ ದಿನಾಂಕ, ಫ್ರೆಂಚ್ ಅಳತೆ, ಲ್ಯಾಟೆಕ್ಸೋ ಸಿಲಿಕೋನೋ, ಬಲೂನಿನಲ್ಲಿ ಎಷ್ಟು ಮಿಲಿ ನೀರಿದೆ (ಸಾಮಾನ್ಯವಾಗಿ 10), ಹಾಕಿದ ತಕ್ಷಣ ಎಷ್ಟು ಮೂತ್ರ ಬಂತು, ಯಾವಾಗ ಬದಲಿಸಬೇಕು. ಸಿಲಿಕೋನ್ 12 ವಾರದವರೆಗೆ ಇರಬಹುದು. ಲ್ಯಾಟೆಕ್ಸ್‌ನವು ಅದಕ್ಕಿಂತ ಬಹಳ ಬೇಗ, ಕೆಲವೇ ವಾರಗಳಲ್ಲಿ ಬದಲಾಗಬೇಕು. ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಈ ಚೀಟಿಯೇ ಅರ್ಧ ಕೆಲಸ ಮುಗಿಸುತ್ತದೆ.

ದಿನದಿನದ ಆರೈಕೆ

ಪೈಪ್ ಅಥವಾ ಮೂತ್ರ ತುಂಬುವ ಬ್ಯಾಗ್ ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಬೇಕು. ದಿನಕ್ಕೊಮ್ಮೆ ಸ್ನಾನದಲ್ಲಿ ಮುಂದೊಗಲನ್ನು ಹಿಂದೆ ಸರಿಸಿ, ಸೋಪು ನೀರಿನಿಂದ ತುದಿಯನ್ನೂ, ಅಲ್ಲಿಂದ ಹೊರಮುಖವಾಗಿ ಪೈಪನ್ನೂ ಒರೆಸಿ. ಒರೆಸಿಯಾದ ಮೇಲೆ ಮುಂದೊಗಲನ್ನು ಮತ್ತೆ ಮುಂದಕ್ಕೆ ತರಲೇಬೇಕು. ಮರೆತರೆ ಅದು ಬಾತುಕೊಂಡು ಶಿಶ್ನದ ಕುತ್ತಿಗೆಯನ್ನು ಬಿಗಿಯುತ್ತದೆ, ರಕ್ತಸಂಚಾರ ನಿಲ್ಲುವ ಅಪಾಯವಿದೆ. ಡೆಟಾಲ್, ಪೌಡರ್, ಮುಲಾಮು ಯಾವುದೂ ಬೇಡ.

ಪೈಪನ್ನು ತೊಡೆಯ ಮೇಲ್ಭಾಗಕ್ಕೆ ಪಟ್ಟಿಯಿಂದ ಭದ್ರಪಡಿಸಿ, ಆದರೆ ಕಾಲು ಚಾಚಿದಾಗ ಎಳೆಯದಷ್ಟು ಸಡಿಲ ಇರಲಿ. ದಿನವೂ ಎಳೆತಕ್ಕೆ ಸಿಕ್ಕಿದ ಪೈಪ್ ಮೂತ್ರದ್ವಾರವನ್ನು ಸೀಳಿಬಿಡುತ್ತದೆ. ಇದು ನೋಡಿಕೊಂಡರೆ ತಪ್ಪುವ ಗಾಯ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಹಾಸಿಗೆ ಬದಲಿಸುವಾಗ ಬ್ಯಾಗನ್ನು ಹೊಟ್ಟೆಯ ಮೇಲಿಟ್ಟು ರೋಗಿಯನ್ನು ಹೊರಳಿಸುವುದು ತೀರ ಸಾಮಾನ್ಯ ತಪ್ಪು.

ಬ್ಯಾಗ್ ಅರ್ಧದಿಂದ ಮುಕ್ಕಾಲಿನೊಳಗೆ ಖಾಲಿ ಮಾಡಿ. ತುಂಬಿದ ಬ್ಯಾಗಿನ ಭಾರವೇ ಪೈಪನ್ನು ಜಗ್ಗುತ್ತದೆ. ಕೆಳಗಿನ ನಲ್ಲಿಯ ಬಾಯಿ ಪಾತ್ರೆಗೆ ತಾಗಬಾರದು, ಮುಚ್ಚಿದ ಮೇಲೆ ಒರೆಸಿ. ರಾತ್ರಿಗೆ ಎರಡು ಲೀಟರಿನ ದೊಡ್ಡ ಬ್ಯಾಗ್ ಬೇಕೆಂದರೆ ಹಗಲು ಕಾಲಿಗೆ ಕಟ್ಟಿಕೊಳ್ಳುವ ಬ್ಯಾಗ್ ಕಳಚಬೇಡಿ, ಅದರ ಕೆಳನಲ್ಲಿಗೇ ದೊಡ್ಡದನ್ನು ಜೋಡಿಸಿ ನಲ್ಲಿ ತೆರೆದಿಡಿ. ಪೈಪಿನ ಜೋಡಣೆ ಕಳಚಿದಷ್ಟೂ ಸೋಂಕಿಗೆ ದಾರಿ. ಕಾಲಿನ ಬ್ಯಾಗನ್ನು 5ರಿಂದ 7 ದಿನಕ್ಕೊಮ್ಮೆ ಬದಲಿಸಿದರೆ ಸಾಕು. ಕೀಮೊ ಕೊಟ್ಟ 48 ಗಂಟೆಯವರೆಗೆ ಬ್ಯಾಗ್ ಖಾಲಿ ಮಾಡುವವರು ಕೈಗವಸು ಹಾಕಿಕೊಳ್ಳಲಿ.

ಹೃದಯ ಅಥವಾ ಕಿಡ್ನಿಯ ಕಾರಣಕ್ಕೆ ವೈದ್ಯರು ನೀರಿಗೆ ಮಿತಿ ಹಾಕಿಲ್ಲವೆಂದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ದ್ರವ. ಮಲ ಸಲೀಸಾಗಿ ಹೋಗುವಂತೆ ನೋಡಿಕೊಳ್ಳುವುದೂ ಕ್ಯಾಥೆಟರ್ ಆರೈಕೆಯೇ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧಿಯೂ ಶುರುವಾಗಬೇಕು, ಮೂರು ದಿನ ಕಾದು ನೋಡಿದ ಮೇಲಲ್ಲ.

ಬ್ಯಾಗಿಗೆ ಮೂತ್ರ ಇಳಿಯುತ್ತಿಲ್ಲ

ಗಾಬರಿಯಾಗುವ ಮುನ್ನ ಬ್ಯಾಗಿನಿಂದ ಮೇಲಕ್ಕೆ ಪರೀಕ್ಷಿಸುತ್ತ ಬನ್ನಿ. ಬ್ಯಾಗ್ ತುಂಬಿದೆಯೇ? ಎರಡು ಬ್ಯಾಗಿನ ನಡುವಿನ ನಲ್ಲಿ ಮುಚ್ಚಿದೆಯೇ? ಬ್ಯಾಗ್ ಮೇಲೆ ಬಂದಿದೆಯೇ? ಪೈಪ್ ಎಲ್ಲಾದರೂ ಮಡಚಿದೆಯೇ, ತೊಡೆಯಡಿ ಸಿಕ್ಕಿದೆಯೇ, ಪಟ್ಟಿ ಬಿಗಿದಿದೆಯೇ? ರೋಗಿಯನ್ನು ಪಕ್ಕಕ್ಕೆ ಹೊರಳಿಸಿ ಅಥವಾ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿ. ಪೈಪಿನ ಕಣ್ಣು ಮೂತ್ರಕೋಶದ ಗೋಡೆಗೆ ಅಂಟಿದ್ದರೆ ಇಷ್ಟಕ್ಕೇ ಬಿಡುತ್ತದೆ. ಕೊನೆಗೆ ಹೊಸ ಬ್ಯಾಗ್ ಜೋಡಿಸಿ ನೋಡಿ. ಇಷ್ಟಾದರೂ ಇಳಿಯದೆ ಹೊಟ್ಟೆ ಕೆಳಗೆ ಬಿಗಿಯುತ್ತಿದ್ದರೆ ಪೈಪ್ ಒಳಗೇ ಕಟ್ಟಿದೆ: ರಕ್ತದ ಗಡ್ಡೆ, ಇಲ್ಲವೇ ಉಪ್ಪಿನ ಹರಳು. ತರಬೇತಿ ಪಡೆದವರು ಸಿರಿಂಜಿನಿಂದ ಸ್ಟೆರೈಲ್ ಸಲೈನ್ ಬಿಟ್ಟು ನೋಡಬಹುದು, ಬಲವಂತ ಮಾಡಬಾರದು. ಉಳಿದವರು ಸೀದಾ ಆಸ್ಪತ್ರೆಗೆ.

ಬ್ಯಾಗ್ ಖಾಲಿ, ಆದರೆ ಹೊಟ್ಟೆಯೂ ಮೆತ್ತಗಿದೆ, ನೋವಿಲ್ಲ ಎಂದರೆ ಸಂಗತಿ ಬೇರೆ. ಮೈಯಲ್ಲಿ ನೀರು ಕಡಿಮೆಯಾಗಿರಬಹುದು, ಅಥವಾ ಕ್ಯಾನ್ಸರ್ ಗಡ್ಡೆ ಕಿಡ್ನಿಯಿಂದ ಇಳಿಯುವ ಎರಡೂ ನಾಳಗಳನ್ನು ಮೂತ್ರಕೋಶದ ಬುಡದಲ್ಲೇ ಮುಚ್ಚಿರಬಹುದು. ಆಗ ಕ್ಯಾಥೆಟರ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಬೆನ್ನಿನ ಕಡೆಯಿಂದ ಕಿಡ್ನಿಗೇ ಪೈಪ್ ಇಡುವುದೋ ಒಳಗೆ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಹಾಕುವುದೋ ಬೇಕಾಗುತ್ತದೆ. ಅವತ್ತೇ ಕ್ರಿಯಾಟಿನಿನ್, ಪೊಟ್ಯಾಸಿಯಂ, ಅಲ್ಟ್ರಾಸೌಂಡ್ ಆಗಲಿ.

ಕೆಲವರಿಗೆ ಪೈಪ್ ಪದೇಪದೇ ಕಟ್ಟುತ್ತದೆ. ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಮೂತ್ರ ಕ್ಷಾರವಾಗಿ ಹರಳುಗಟ್ಟುತ್ತದೆ. ತೆಗೆದ ಪೈಪಿನ ತುದಿಯನ್ನು ಎಸೆಯುವ ಮುನ್ನ ನೋಡಿ: ಮರಳಿನಂತೆ ಒರಟಾಗಿದ್ದರೆ ಮುಂದಿನ ಸಲ ಕಟ್ಟುವುದಕ್ಕಿಂತ ವಾರ ಮೊದಲೇ ಬದಲಿಸುವುದು ಉತ್ತಮ, ಮೂತ್ರಕೋಶದಲ್ಲಿ ಕಲ್ಲಿದೆಯೇ ಎಂದೂ ನೋಡಿಸಬೇಕು.

ಪೈಪಿನ ಪಕ್ಕದಲ್ಲಿ ಸೋರುತ್ತಿದ್ದರೆ

ದಪ್ಪ ಪೈಪ್ ಹಾಕಿಸಿದರೆ ಸರಿಹೋಗುತ್ತದೆ ಎನ್ನುವುದು ತಪ್ಪು ಎಣಿಕೆ. ಸೋರುವುದು ಬಹುತೇಕ ಮೂತ್ರಕೋಶದ ಸೆಳೆತದಿಂದ. ದಪ್ಪ ಪೈಪ್ ಅದನ್ನು ಹೆಚ್ಚಿಸಬಹುದು. ಮೊದಲು ಪೈಪ್ ಕಟ್ಟಿಲ್ಲ, ಮಲಬದ್ಧತೆ ಇಲ್ಲ, ಸೋಂಕಿಲ್ಲ ಎಂದು ಖಚಿತಪಡಿಸಿಕೊಂಡು, ಆಮೇಲೆ ಸೆಳೆತ ತಗ್ಗಿಸುವ ಸೋಲಿಫೆನಸಿನ್, ಆಕ್ಸಿಬ್ಯುಟಿನಿನ್ ಅಥವಾ ಮಿರಾಬೆಗ್ರಾನ್ ಬಗ್ಗೆ ವೈದ್ಯರನ್ನು ಕೇಳಿ. ಮೊದಲೆರಡು ಬಾಯಿ ಒಣಗಿಸುತ್ತವೆ, ಮಲ ಕಟ್ಟುತ್ತವೆ, ವಯಸ್ಸಾದವರಲ್ಲಿ ಗೊಂದಲವನ್ನೂ ತರಬಹುದು.

ರಕ್ತ, ಬಣ್ಣ, ಜ್ವರ

ತಿಳಿಗುಲಾಬಿ ಬಣ್ಣ ಬಂದರೆ ನೀರು ಹೆಚ್ಚು ಕುಡಿದು ಗಮನಿಸಬಹುದು. ಗಾಢ ಕೆಂಪು ಅಥವಾ ರಕ್ತದ ಗಡ್ಡೆಗಳು ಬಂದರೆ, ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರಂತೂ, ಕಾಯಬೇಡಿ. ಬ್ಯಾಗ್ ನೇರಳೆ ಬಣ್ಣಕ್ಕೆ ತಿರುಗಿದರೆ ಮನೆಯವರು ಹೆದರಿಬಿಡುತ್ತಾರೆ. ಮಲಬದ್ಧತೆ ಇರುವವರಲ್ಲಿ ಕೆಲವು ಬ್ಯಾಕ್ಟೀರಿಯಾ ಈ ಬಣ್ಣ ತರುತ್ತವೆ, ನೋಡಲು ವಿಚಿತ್ರವೇ ಹೊರತು ಸಾಮಾನ್ಯವಾಗಿ ಅಪಾಯವಲ್ಲ. ವೈದ್ಯರ ಗಮನಕ್ಕೆ ತಂದರೆ ಸಾಕು.

ಕೆಲವು ವಾರ ಪೈಪ್ ಇದ್ದವರ ಮೂತ್ರದಲ್ಲೆಲ್ಲ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಮೂತ್ರ ಮಬ್ಬಾಗಿದೆ, ವಾಸನೆಯಿದೆ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಪಾಸಿಟಿವ್ ಬಂದಿದೆ ಎಂಬುದಷ್ಟಕ್ಕೇ ಆಂಟಿಬಯಾಟಿಕ್ ಬೇಡ. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ ಅಷ್ಟೇ. 38 ಡಿಗ್ರಿ ಸೆಲ್ಸಿಯಸ್ ಅಥವಾ ಮೇಲೆ ಜ್ವರ, ನಡುಕ, ಪಕ್ಕೆನೋವು, ಹಠಾತ್ತನೆ ಮಂಕಾಗುವುದು ಇವು ಚಿಕಿತ್ಸೆ ಬೇಕಾದ ಲಕ್ಷಣಗಳು. ಡೊಸೆಟ್ಯಾಕ್ಸೆಲ್ ಕೀಮೊ ನಡೆಯುತ್ತಿದ್ದರೆ ಜ್ವರವೊಂದೇ ಸಾಕು, ತಕ್ಷಣ ಹೊರಡಿ. ಸಾಧ್ಯವಾದರೆ ಹಳೆಯ ಪೈಪ್ ಬದಲಿಸಿ, ಹೊಸದರಿಂದ ಮಾದರಿ ತೆಗೆಸಿ. ಬ್ಯಾಗಿನಿಂದ ತೆಗೆದ ಮೂತ್ರ ಪರೀಕ್ಷೆಗೆ ಬಾರದು.

ಹೊಟ್ಟೆಯ ಮೂಲಕ ಪೈಪ್, ಪೈಪಿಲ್ಲದ ದಾರಿ

ಬಹುಕಾಲ ಬೇಕಾದರೆ ಹೊಟ್ಟೆಯ ಕೆಳಭಾಗದಿಂದ ನೇರ ಮೂತ್ರಕೋಶಕ್ಕೆ ಹಾಕುವ ಪೈಪ್ ಹಲವರಿಗೆ ಹಗುರ: ಕೂತರೆ ಒತ್ತುವುದಿಲ್ಲ, ನಾಳಕ್ಕೆ ಗಾಯವಿಲ್ಲ, ಲೈಂಗಿಕತೆಗೂ ಅಡ್ಡಿ ಕಡಿಮೆ. ಆದರೆ ಅದು ಕಳಚಿ ಬಂದರೆ ರಂಧ್ರ ಬೇಗನೆ ಮುಚ್ಚಿಕೊಳ್ಳುತ್ತದೆ, ಹೊಸದಾಗಿ ಹಾಕಿದ್ದಂತೂ ಇನ್ನೂ ಬೇಗ. ಶುಚಿಯಾದ ಬಟ್ಟೆ ಮುಚ್ಚಿ ಕೂಡಲೇ ಹೊರಡಿ. ಕೈಚಳಕ ಇರುವವರು ದಿನಕ್ಕೆ ನಾಲ್ಕರಿಂದ ಆರು ಸಲ ತಾವೇ ಸಣ್ಣ ಪೈಪ್ ತೂರಿಸಿ ತೆಗೆಯುವುದನ್ನೂ ಕಲಿಯಬಹುದು. ಪ್ರತಿಸಲ 500 ಮಿಲಿ ಮೀರುತ್ತಿದ್ದರೆ ಸಲ ಹೆಚ್ಚಿಸಬೇಕು.

ಈಗಷ್ಟೇ ಹಾರ್ಮೋನ್ ಚಿಕಿತ್ಸೆ ಶುರುವಾದವರಿಗೆ ಪೈಪ್ ಶಾಶ್ವತ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಗಡ್ಡೆ ಕುಗ್ಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆಮೇಲೆ ಮೂತ್ರದ ದಾರಿಯನ್ನು ಸಡಿಲಿಸುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಜೊತೆಗಿಟ್ಟು ಪೈಪ್ ತೆಗೆದು ನೋಡಬಹುದು. ಸೆಳೆತದ ಮಾತ್ರೆಯನ್ನು ಅದಕ್ಕೆ ಮೊದಲೇ ನಿಲ್ಲಿಸಬೇಕೇ ಎಂದು ಕೇಳಿ, ಮಲ ಸಲೀಸಾಗಿರಲಿ. ಬೆಳಗ್ಗೆ ತೆಗೆಸಿದರೆ ಸಂಜೆಯೊಳಗೆ ಗೊತ್ತಾಗುತ್ತದೆ. ಎಂದಿನಂತೆ ಕುಡಿದು, ಪ್ರತಿಸಲ ಎಷ್ಟು ಬಂತೆಂದು ಅಳತೆ ಪಾತ್ರೆಯಲ್ಲಿ ಹಿಡಿದು ಬರೆಯಿರಿ, ಉಳಿದದ್ದನ್ನು ಸ್ಕ್ಯಾನ್ ಹೇಳುತ್ತದೆ. ಆಗದಿದ್ದರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಪ್ರಯತ್ನಿಸಬಹುದು. ಆಗಲೂ ಆಗದಿದ್ದರೆ ನಾಳದಲ್ಲಿ ದಾರಿ ಬಿಡಿಸುವಷ್ಟೇ ಪ್ರಾಸ್ಟೇಟ್ ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ ಇದೆ. ರೋಗಿಯ ಶಕ್ತಿ, ಅರಿವಳಿಕೆ ತಡೆಯುವ ದೇಹಸ್ಥಿತಿ ನೋಡಿ ಯೂರಾಲಜಿಸ್ಟ್ (ಮೂತ್ರರೋಗ ತಜ್ಞ) ಜೊತೆ ಮಾತಾಡಿ ನಿರ್ಧರಿಸಿ.